ಟಿಎನ್‌ಜಿ ಕ್ಲಸ್ಟರಿನ ಎಕ್ಸ್‌ರೇ ಚಿತ್ರದ ತುಂಬ ಚುಕ್ಕೆಗಳು, ಎಲ್ಲಿಂದ ಬರ್ತಿವೆ?

ಸಂಜೆಮೋಡ:
ಟಿಎನ್‌ಜಿ300 ಅನ್ನೋ ಬ್ರಹ್ಮಾಂಡದ ಕಂಪ್ಯೂಟರ್ ಸಿಮ್ಯುಲೇಶನ್‌ನಿಂದ ಒಂದು ದೊಡ್ಡ ಗೆಲಾಕ್ಸಿ ಕ್ಲಸ್ಟರಿನ ಕಟೌಟ್ (ಆ ಭಾಗದ ಡೇಟಾ ಮಾತ್ರ) ಇಳಿಸಿಕೊಂಡಿದ್ದೇನೆ. ಚಂದ್ರಾ ಎಕ್ಸ್‌ರೇ ದೂರದರ್ಶಕಕ್ಕೆ ಅದು ಹೇಗೆ ಕಾಣುತ್ತೆ ಅಂತ ನೋಡಬೇಕು. ಡೇಟಾ ಓದುವ ವೈಟಿಯಲ್ಲಿ ತೆರೆದು, ಪೈಎಕ್ಸ್‌ಸಿಮ್‌ನಲ್ಲಿ ಎಕ್ಸ್‌ರೇ ಫೋಟಾನ್ ಮಾಡಿಸಿ, ದೂರದರ್ಶಕವನ್ನು ಅನುಕರಿಸುವ ಸಾಕ್ಸ್‌ನಲ್ಲಿ ಚಂದ್ರಾದ ಎಸಿಸ್-ಐ ಕ್ಯಾಮೆರಾಗೆ ಕೊಟ್ಟೆ (ಮೂರೂ ಪೈಥಾನ್ ಪ್ಯಾಕೇಜುಗಳು). ನಡುವಿನ ಬಿಸಿ ಅನಿಲ ಮಂಕಾಗಿದೆ, ಸುತ್ತಲೂ ಸಿಡುಬು ಎದ್ದ ಹಾಗೆ ಚುಕ್ಕೆಗಳು. ಜೊತೆಗೆ ಕ್ಲಸ್ಟರಿನ ಅಂಚು ಚೌಕಟ್ಟಿನ ಆಚೆ ಹೋಗಿದೆ. ಕೊಟ್ಟ ರೆಡ್‌ಶಿಫ್ಟ್ (ಎಷ್ಟು ದೂರ ಅನ್ನೋದರ ಅಳತೆ) 0.05. ಎಕ್ಸ್‌ಪೋಶರ್ 300 ಕಿಲೋಸೆಕೆಂಡಿಗೆ ಏರಿಸಿದರೆ ಎರರ್ ಬೇರೆ.

ಪಿಕ್ಸೆಲ್_ಪ್ರೇಮಿ:
ಗಾಸಿಯನ್ ಸ್ಮೂತಿಂಗ್ ಹಾಕಿ (ಚಿತ್ರ ಸ್ವಲ್ಪ ಮಸುಕು ಮಾಡಿ), ಲಾಗ್ ಸ್ಕೇಲಿನಲ್ಲಿ ನೋಡಿ. ಚುಕ್ಕೆ ಅಷ್ಟು ಕಾಣಲ್ಲ.

ಬಿಸಿಗ್ಯಾಸ್:
ಸ್ಮೂತಿಂಗ್ ಬೇಡ ಸರ್. ಚುಕ್ಕೆ ಕಣ್ಣಿಗೆ ಮರೆಯಾದರೂ ಅದರ ಫೋಟಾನ್‌ಗಳು ಅಲ್ಲೇ ಇರುತ್ತವೆ. ನಾಳೆ ಸ್ಪೆಕ್ಟ್ರಮ್ ತೆಗೆದರೆ ತಾಪಮಾನವೇ ತಪ್ಪಾಗುತ್ತೆ.

ಬಿಸಿ ಅನಿಲದ ಎಕ್ಸ್‌ರೇ ಹೊಳಪು ಸಾಂದ್ರತೆಯ ವರ್ಗದ ಪ್ರಕಾರ ಏರುತ್ತೆ. ಸಾಂದ್ರತೆ ಹತ್ತು ಪಟ್ಟಾದರೆ ಹೊಳಪು ನೂರು ಪಟ್ಟು. ಟಿಎನ್‌ಜಿಯಲ್ಲಿ ತುಂಬಾ ದಟ್ಟವಾದ ಅನಿಲ ಅಂದರೆ ನಕ್ಷತ್ರ ಹುಟ್ಟಿಸುತ್ತಿರುವ ಅನಿಲ. ಪ್ರತಿ ಘನ ಸೆಂಟಿಮೀಟರಿಗೆ ಸುಮಾರು 0.1 ಹೈಡ್ರೋಜನ್ ಪರಮಾಣು ದಾಟಿದರೆ ಆ ಸೆಲ್ (ಸಿಮ್ಯುಲೇಶನ್‌ನಲ್ಲಿ ಅನಿಲದ ಒಂದು ತುಣುಕು) ಬೇರೆ ನಿಯಮಕ್ಕೆ ಹೋಗುತ್ತೆ. ತಣ್ಣನೆಯ ಮೋಡ, ಬಿಸಿ ಅನಿಲ ಎರಡನ್ನೂ ಸೇರಿಸಿ ಒಂದೇ ಒತ್ತಡ ಲೆಕ್ಕ ಹಾಕಿರುತ್ತಾರೆ. ಆ ಸೆಲ್‌ಗಳ ಆಂತರಿಕ ಶಕ್ತಿಯಿಂದ ಬರುವ ತಾಪಮಾನ ಬರೀ ಲೆಕ್ಕದ ತಾಪಮಾನ, ನಿಜವಾದದ್ದಲ್ಲ. ಪಾಪ, ಪೈಎಕ್ಸ್‌ಸಿಮ್‌ಗೆ ಅದೇನು ಗೊತ್ತು? ಕೊಟ್ಟಿದ್ದನ್ನು ನಂಬಿ ಫೋಟಾನ್ ಸುರಿಯುತ್ತೆ.

ಮೊದಲು ಸಾಂದ್ರತೆ–ತಾಪಮಾನದ ಫೇಸ್ ಪ್ಲಾಟ್ ಹಾಕಿ. ದಟ್ಟ ಕಡೆಯಲ್ಲಿ ಗೆರೆ ಎಳೆದಂತೆ ಒಂದು ಸಣ್ಣ ಪಟ್ಟಿ ಕಾಣುತ್ತೆ, ಅದೇ ಆ ಅನಿಲ. ಆಮೇಲೆ ವೈಟಿಯಲ್ಲಿ ಫಿಲ್ಟರ್ ಬರೆಯಿರಿ: ನಕ್ಷತ್ರ ಹುಟ್ಟುವ ದರ ಸೊನ್ನೆ ಇರಬೇಕು, ತಾಪಮಾನ 3 ಲಕ್ಷ ಕೆಲ್ವಿನ್‌ಗಿಂತ ಜಾಸ್ತಿ ಇರಬೇಕು. ಕೆಲವರು ಸಾಂದ್ರತೆಗೂ ಮಿತಿ ಹಾಕುತ್ತಾರೆ. ನಾನಾದರೆ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಕೂಲ್ ಕೋರ್ (ನಡುವೆ ತಂಪಾದ) ಕ್ಲಸ್ಟರಿನ ನಡುಭಾಗವೂ ಸಾಕಷ್ಟು ದಟ್ಟ, ಅದೂ ಕತ್ತರಿಸಿಹೋದೀತು.

ಎರರ್ ವಿಷಯ: ಪೈಎಕ್ಸ್‌ಸಿಮ್ ಮೊದಲು ಫೋಟಾನ್‌ಗಳ ದಾಸ್ತಾನು ಮಾಡುತ್ತೆ, ಸಾಕ್ಸ್ ಅದರಿಂದ ಬೇಕಾದಷ್ಟು ಆರಿಸಿಕೊಳ್ಳುತ್ತೆ, ಸಾಲದಿದ್ದರೆ ಎರರ್. ದಾಸ್ತಾನಿಗೆ ಫೋಟಾನ್ ಹಿಡಿಯುವ ವಿಸ್ತೀರ್ಣ, ಸಮಯ ಎಷ್ಟು ಕೊಟ್ಟಿದ್ದೀರಿ?

ಸಂಜೆಮೋಡ:
500 ಚದರ ಸೆಂ.ಮೀ., 100 ಕಿಲೋಸೆಕೆಂಡ್. ಫಿಲ್ಟರ್ ಬರೆದೆ, ಫೇಸ್ ಪ್ಲಾಟಿನಲ್ಲಿ ಆ ಪಟ್ಟಿ ಹೋಯಿತು. ಆದರೆ ಚಿತ್ರ ಒಂದು ಚೂರೂ ಬದಲಾಗಿಲ್ಲ!

ಬಿಸಿಗ್ಯಾಸ್:
ಸೋರ್ಸ್ ಮಾಡೆಲ್ (ಪೈಎಕ್ಸ್‌ಸಿಮ್‌ನಲ್ಲಿ ಅನಿಲದಿಂದ ಫೋಟಾನ್ ಲೆಕ್ಕ ಹಾಕುವ ಭಾಗ) ಇನ್ನೂ ಹಳೆಯ ಅನಿಲವನ್ನೇ ಓದುತ್ತಿರಬೇಕು. ಫಿಲ್ಟರ್ ಬರೆದ ಮಾತ್ರಕ್ಕೆ ಅದು ತಾನಾಗಿ ಬಳಕೆಗೆ ಬರಲ್ಲ. ತಾಪಮಾನದ ಫೀಲ್ಡ್, ಎಮಿಷನ್ ಮೆಷರ್ (ಸಾಂದ್ರತೆಯ ವರ್ಗದಿಂದ ಬರುವ ಹೊಳಪಿನ ಅಳತೆ) ಫೀಲ್ಡ್ ಎರಡನ್ನೂ ಫಿಲ್ಟರಿನ ಹೆಸರಿನಲ್ಲೇ ಕೊಡಿ. ಸುಮ್ನೆ ಬಿಟ್ಟರೆ ಪೂರ್ತಿ ಅನಿಲವನ್ನೇ ತಗೊಳ್ಳುತ್ತೆ. ಹೇಗೂ ಫೋಟಾನ್ ಮತ್ತೆ ಮಾಡಿಸಬೇಕಲ್ವಾ, ಆಗಲೇ ವಿಸ್ತೀರ್ಣ 2,500, ಸಮಯ 500 ಕಿಲೋಸೆಕೆಂಡ್ ಕೊಡಿ. ಫೈಲ್ ದೊಡ್ಡದಾಗುತ್ತೆ, ಡಿಸ್ಕ್ ನೋಡಿಕೊಳ್ಳಿ.

ಪಿಕ್ಸೆಲ್_ಪ್ರೇಮಿ:
ಅಂಚಿನ ಸಮಸ್ಯೆಗೆ ನನ್ನ ಬಳಿ ಉತ್ತರ ಇದೆ. ಎಸಿಸ್-ಐ ಸುಮಾರು 17 ಆರ್ಕ್‌ಮಿನಿಟ್ (ಆಕಾಶದಲ್ಲಿ ಕೋನದ ಅಳತೆ) ಅಗಲ. 0.05ರಲ್ಲಿ ಅದು ಹತ್ತಿರ ಹತ್ತಿರ ಒಂದು ಮೆಗಾಪಾರ್ಸೆಕ್ (ಸುಮಾರು 33 ಲಕ್ಷ ಜ್ಯೋತಿರ್ವರ್ಷ). ದೊಡ್ಡ ಕ್ಲಸ್ಟರಿಗೆ ಸಾಲದು. ಟಿಎನ್‌ಜಿಯ 91ನೇ ಸ್ನಾಪ್‌ಶಾಟ್ (ಸಿಮ್ಯುಲೇಶನ್‌ನ ಒಂದು ಕ್ಷಣದ ದಾಖಲೆ) ತಗೊಂಡರೆ ಅದರ ರೆಡ್‌ಶಿಫ್ಟೇ 0.1, ಅಗಲ ಹೆಚ್ಚುಕಡಿಮೆ ಎರಡು ಮೆಗಾಪಾರ್ಸೆಕ್ ಆಗುತ್ತೆ. ಹಾಗೇ ಎನ್‌ಎಚ್ (ದಾರಿಯಲ್ಲಿ ಎಕ್ಸ್‌ರೇ ಹೀರುವ ಹೈಡ್ರೋಜನ್‌ನ ಪ್ರಮಾಣ) ಕೊಡುವಾಗ ಹುಷಾರು. ಅಲ್ಲಿ ಅಳತೆ 10²²ರ ಲೆಕ್ಕದಲ್ಲಿದೆ. 2×10²⁰ ಬೇಕಾದರೆ 0.02 ಅಂತ ಬರೆಯಬೇಕು. ಪೂರ್ತಿ ಸಂಖ್ಯೆ ಕೊಟ್ಟರೆ ಒಂದು ಫೋಟಾನೂ ಉಳಿಯಲ್ಲ.

ಸಂಜೆಮೋಡ:
91ರಲ್ಲಿ ಮತ್ತೆ ಓಡಿಸಿದೆ. ಈಗ ನಡುಭಾಗ ಚೆನ್ನಾಗಿ ಹೊಳೆಯುತ್ತಿದೆ, ಎರರ್ ಇಲ್ಲ. ಎರಡು ಚುಕ್ಕೆ ಮಾತ್ರ ಉಳಿದಿವೆ. ಫಿಲ್ಟರ್ ಇನ್ನೂ ಬಿಗಿ ಮಾಡಲಾ?

ಬಿಸಿಗ್ಯಾಸ್:
ಆ ಜಾಗದಲ್ಲಿ ಸಬ್‌ಹ್ಯಾಲೋ (ಕ್ಲಸ್ಟರಿನೊಳಗಿನ ಒಂದು ಗೆಲಾಕ್ಸಿಯ ಗುಡ್ಡೆ) ಇದೆಯಾ ಅಂತ ಮೊದಲು ಕ್ಯಾಟಲಾಗ್ ನೋಡಿ. ಇದ್ದರೆ ಅದು ಒಳಗೆ ಬೀಳುತ್ತಿರುವ ಗೆಲಾಕ್ಸಿಯ ಸ್ವಂತ ಬಿಸಿ ಅನಿಲ, ಸಿಮ್ಯುಲೇಶನ್ ನಿಜವಾಗಿ ಹೇಳುತ್ತಿರುವುದೇ ಅದು. ತೆಗೆಯಬೇಡಿ. ನಿಜವಾದ ಚಂದ್ರಾ ಡೇಟಾದಲ್ಲಿ ಮಾಡುವಂತೆ ಚುಕ್ಕೆ ಹುಡುಕುವ ವೇವ್‌ಡಿಟೆಕ್ಟ್ ಓಡಿಸಿ, ಸ್ಪೆಕ್ಟ್ರಮ್ ತೆಗೆಯುವಾಗ ಆ ಜಾಗಕ್ಕೆ ಮಾಸ್ಕ್ ಹಾಕಿ.