ಅಪ್‌ಡೇಟ್: ತೀರ್ಥಹಳ್ಳಿ ಕಡೆ ಕೊನೆಗೌಡರು (ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು) ಸಿಕ್ಕರು, ಅಜ್ಜನ ಅಡಿಕೆ ಇಳಿಯಿತು

ಪಕ್ಕದ ಮನೆ ಅಜ್ಜನ ತೋಟದಲ್ಲಿ ಅಡಿಕೆ ಕೊಯ್ಯಲು ಜನ ಸಿಗುತ್ತಿಲ್ಲ, ಯಾರಾದರೂ ಗೊತ್ತಾ ಅಂತ ಕೇಳಿದ್ದೆ. ಕೊಯ್ಲು ಮುಗಿಯಿತು!

ವಾಟ್ಸಾಪ್ ಗುಂಪುಗಳಿಂದ ನಂಬರ್ ಬೇಕಾದಷ್ಟು ಬಂದವು. ಆದರೆ ಸೀಸನ್‌ನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಕೆಲಸ ಆಗಿದ್ದು "ಸೊಸೈಟಿ ಹತ್ತಿರ ಹೋಗಿ, ಎದುರಿಗೇ ಕೇಳಿ" ಅಂದವರ ಸಲಹೆಯಿಂದ. ಅಲ್ಲಿ ಸಿಕ್ಕ ತೋಟದವರೊಬ್ಬರು ತಮ್ಮ ಕೊನೆಗೌಡರನ್ನೇ ಕಳಿಸಿದರು. ಗೌಡರಿಗೆ ಕೂಲಿ ಕೊಟ್ಟೆವು. ಅವರನ್ನು ಕಳಿಸಿದ ತೋಟದವರು ಮಾತ್ರ ಏನೂ ಬೇಡ, ನಮ್ಮ ಮನೆಗೆ ಅಡಿಕೆ ಸುಲಿಯಲು ಮುಯ್ಯಾಳಾಗಿ (ಕೂಲಿಯ ಬದಲು, ಕೆಲಸಕ್ಕೆ ಪ್ರತಿಯಾಗಿ ಕೆಲಸ ಮಾಡಲು) ಬನ್ನಿ ಅಂದರು. ಮುಯ್ಯಿ ಇನ್ನೂ ಉಳಿದಿದೆ ಅಂತ ನೋಡಿ ತುಂಬಾ ಖುಷಿಯಾಯಿತು. ನಾಲ್ಕು ಮನೆಯವರು ಹೊರಟಿದ್ದೇವೆ.

ತಡವಾಗಿದ್ದಕ್ಕೆ ಒಂದಿಷ್ಟು ಹಣ್ಣಾಗಿದೆ, ಅದು ಗೋಟಿಗೆ (ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ). ಉಳಿದದ್ದು ಸುಲಿದು, ಬೇಯಿಸಿ, ಒಣಹಾಕಿದ್ದಾಯಿತು. ಮುಂದಿನ ಸಲ ಯಾರಿಗಾದರೂ ಜನ ಬೇಕಿದ್ದರೆ ಮಳೆ ಬಿಡುವ ಮೊದಲೇ ಮಾತಾಡಿಡಿ.