ಗೋಡೆ ಮೇಲೆ ಚೀಲ ಹೊತ್ತು ಓಡಾಡುವ ಹುಳು ಯಾವುದು?

ಪ್ರಶ್ನೆ (ಬನಶಂಕರಿಯಿಂದ): ಸಾರ್, ಮಳೆ ಶುರುವಾದಾಗಿನಿಂದ ಬಚ್ಚಲುಮನೆ ಗೋಡೆ ಮೇಲೆ ಬೂದು ಬಣ್ಣದ ಚಪ್ಪಟೆ ಚೂರುಗಳು ಅಂಟಿಕೊಂಡಿರುತ್ತವೆ. ಸಿಮೆಂಟ್ ಉದುರಿದೆ ಅಂದುಕೊಂಡಿದ್ದೆವು, ನೋಡಿದರೆ ಜರುಗುತ್ತಿವೆ! ಫೋಟೋ ಹಾಕಿದ್ದೇನೆ. ಬೀರುವಿನಲ್ಲಿ ರೇಷ್ಮೆ ಸೀರೆಗಳಿವೆ, ಔಷಧಿ ಹೊಡೆಸಬೇಕೇ?

ಉತ್ತರ (ಕೀಟತಜ್ಞ): ಔಷಧಿ ಬೇಡವೇ ಬೇಡ. ಇದು ಫೆರಿಯೋಯಿಕಾ ಕುಲದ ಪತಂಗದ ಮರಿಹುಳು. ಗೂಡಿನ ಆಕಾರವೇ ಗುರುತು: ಸುಮಾರು 1 ಸೆಂ.ಮೀ. ಉದ್ದ, ಸೌತೆಬೀಜದ ಹಾಗೆ ಚಪ್ಪಟೆ, ನಡುವೆ ಅಗಲ, ಎರಡೂ ತುದಿಯಲ್ಲಿ ಬಾಯಿ. ಮುಟ್ಟಿದರೆ ಹುಳು ಒಳಗೆ ಸರಿದು, ನಡುವಿನ ಅಗಲದಲ್ಲಿ ಹೊರಳಿ ಇನ್ನೊಂದು ಬಾಯಿಂದ ತಲೆ ಹಾಕುತ್ತದೆ. ಒಂದು ಲೆನ್ಸ್ ಹಿಡಿದು ಐದು ನಿಮಿಷ ನೋಡಿ, ಕಂದು ತಲೆ, ಮೂರು ಜೊತೆ ಕಾಲು ಹೊರಬಂದು ಇಡೀ ಗೂಡನ್ನು ಎಳೆದುಕೊಂಡು ಹೋಗುವುದು ಕಾಣುತ್ತದೆ. ತಾನೇ ನೂತ ರೇಷ್ಮೆಗೆ ಮರಳು, ಸುಣ್ಣದ ಪುಡಿ, ಧೂಳು ಅಂಟಿಸಿ ಕಟ್ಟಿಕೊಂಡದ್ದು ಅದು. ಹಾಗಾಗಿಯೇ ಗೋಡೆಯ ಬಣ್ಣಕ್ಕೆ ಹೊಂದಿಕೊಂಡು ಕಣ್ಣಿಗೆ ಬೀಳುವುದಿಲ್ಲ.

ಮುಖ್ಯ ಆಹಾರ ಹಳೆಯ ಜೇಡರಬಲೆ. ಸತ್ತ ಕೀಟ, ಉದುರಿದ ಕೂದಲು, ಉಣ್ಣೆಯನ್ನೂ ತಿನ್ನುತ್ತದೆ, ಹತ್ತಿಯನ್ನು ಮುಟ್ಟುವುದಿಲ್ಲ. ಬಲೆ ತೆಗೆದು, ಗುಡಿಸಿ, ತೇವ ಕಡಿಮೆ ಮಾಡಿ. ಕೆಲವು ವಾರಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ.

ಪ್ರಶ್ನೆ (ಅದೇ ಮನೆಯಿಂದ): ಹಾಗಾದರೆ ಬಟ್ಟೆ ತಿನ್ನುವುದು ಬೇರೆಯೇ?

ಉತ್ತರ: ಬೇರೆ, ಆದರೆ ಇದೇ ಕುಟುಂಬದ್ದು. ಟಿನಿಯಾ ಪೆಲಿಯೊನೆಲ್ಲಾ ಅಂತ. ಅದರ ಗೂಡು ಉರುಟು ಕೊಳವೆ, ಮರಳಿಲ್ಲ, ತಿಂದ ಬಟ್ಟೆಯ ನಾರಿನಿಂದಲೇ ಮಾಡಿದ್ದು. ಕೆಂಪು ಶಾಲು ತಿಂದರೆ ಕೆಂಪು ಗೂಡು! ಬೆವರಿನ ಕಲೆ ಇರುವ ಉಣ್ಣೆ ಅದಕ್ಕೆ ಪ್ರಿಯ. ರೇಷ್ಮೆ ಸೀರೆಗಳನ್ನು ಮಡಿಸಿಡುವ ಮುನ್ನ ನೆರಳಲ್ಲಿ ಆರಿಸಿ, ಆಗಾಗ ಮಡಿಕೆ ಬಿಚ್ಚಿ ನೋಡುತ್ತಿರಿ.

ಪ್ರಶ್ನೆ (ರಾಜಾಜಿನಗರದಿಂದ): ನಮ್ಮ ತಾರಸಿಯ ದಾಳಿಂಬೆ ಗಿಡದಲ್ಲಿ ಕಡ್ಡಿಗಳ ಕಟ್ಟು ನೇತಾಡುತ್ತಿದೆ. ಅದೂ ಇದೇನಾ?

ಉತ್ತರ: ಅಲ್ಲ, ಅದು ಸೈಕಿಡೇ ಕುಟುಂಬದ ಚೀಲದ ಹುಳು, ಎಲೆ ತಿನ್ನುತ್ತದೆ. ಅನೇಕ ಜಾತಿಗಳಲ್ಲಿ ಹೆಣ್ಣಿಗೆ ರೆಕ್ಕೆಯೇ ಇಲ್ಲ, ಚೀಲದೊಳಗೇ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಕೆಳತುದಿಯಲ್ಲಿ ಕಂದು ಬಣ್ಣದ ಖಾಲಿ ಕೋಶದ ಸಿಪ್ಪೆ ಅರ್ಧ ಹೊರಗೆ ಚಾಚಿಕೊಂಡಿದ್ದರೆ ಗಂಡು ಹಾರಿಹೋಗಿದೆ ಎಂದರ್ಥ, ಬಿಡಿ. ಇಲ್ಲದಿದ್ದರೆ ಕತ್ತರಿಯಿಂದ ಬಿಡಿಸಿ ಸೋಪಿನ ನೀರಿಗೆ ಹಾಕಿ. ಗಿಡದ ಬುಡಕ್ಕೆ ಎಸೆಯಬೇಡಿ, ಮತ್ತೆ ಹತ್ತಿಕೊಳ್ಳುತ್ತದೆ.