ಅತ್ತೆ ಮನೆಯ ಹಿತ್ತಾಳೆ ಡಬ್ಬಿ, ಮೇಲೆ 1914 ಅಂತಿದೆ. ಏನಿದು?

ಮಲ್ನಾಡ್ ಕೂಸು:
ನಮ್ಮ ಸೋದರತ್ತೆ ಮನೆಯಲ್ಲಿ ಅಂಗೈಗಿಂತ ಸ್ವಲ್ಪ ಉದ್ದದ ಹಿತ್ತಾಳೆ ಡಬ್ಬಿ ಇದೆ. ಮುಚ್ಚಳದ ನಡುವೆ ಒಬ್ಬ ಹುಡುಗಿಯ ಮುಖ, ಅಕ್ಕಪಕ್ಕ 'ಎಂ' ಅಕ್ಷರ, ಕೆಳಗೆ ಇಂಗ್ಲಿಷಿನಲ್ಲಿ ಕ್ರಿಸ್‌ಮಸ್ 1914. ಮಾವನ ಅಜ್ಜ ಮಿಲಿಟರಿಯಲ್ಲಿದ್ದರಂತೆ, ಅದಕ್ಕಿಂತ ಜಾಸ್ತಿ ಯಾರಿಗೂ ಗೊತ್ತಿಲ್ಲ. ಗುಂಡು ಇಡುವ ಡಬ್ಬಿ ಇರಬಹುದಾ? ಹುಣಸೆಹಣ್ಣು ಹಾಕಿ ತಿಕ್ಕಿ ಫೋಟೊ ಹಾಕಲಾ?

ಹಳೇಕಾಲದವ:
ತಿಕ್ಕಬೇಡಿ ಮಾರಾಯ್ರೆ! ಮುಖ ಸವೆದು ಹೋಗುತ್ತದೆ. ಗುಂಡಿನದ್ದಲ್ಲ, ಉಡುಗೊರೆ ಡಬ್ಬಿ. ಆ ಹುಡುಗಿ ಐದನೇ ಜಾರ್ಜ್ ದೊರೆಯ ಮಗಳು ಮೇರಿ, ಆಗ 17 ವರ್ಷ. ಮೊದಲ ಮಹಾಯುದ್ಧಕ್ಕೆ ಹೋದವರಿಗೆಲ್ಲ ಕ್ರಿಸ್‌ಮಸ್‌ಗೆ ಏನಾದರೂ ಕೊಡಬೇಕು ಅಂತ ಅವಳ ಹೆಸರಲ್ಲಿ ಚಂದಾ ಎತ್ತಿದರು. ಸಾಮಾನ್ಯವಾಗಿ ಒಳಗೆ ಇರುತ್ತಿದ್ದದ್ದು ತಂಬಾಕು, ಸಿಗರೇಟು. ಆದರೆ ನಮ್ಮವರ ವಿಷಯದಲ್ಲಿ ಯೋಚನೆ ಮಾಡಿದ್ದರು ನೋಡಿ: ಸಿಖ್ಖರು ತಂಬಾಕು ಮುಟ್ಟಲ್ಲ ಅಲ್ವಾ, ಅವರಿಗೆ ಕಲ್ಲುಸಕ್ಕರೆ, ಒಂದು ಪುಟ್ಟ ಡಬ್ಬಿ ಮಸಾಲೆ ಪದಾರ್ಥ. ಗೂರ್ಖಾಗಳಿಗೆ ಬ್ರಿಟಿಷರಿಗೆ ಕೊಟ್ಟದ್ದೇ. ಉಳಿದ ಭಾರತೀಯ ಸಿಪಾಯಿಗಳಿಗೆ ಸಿಗರೇಟು, ಕಲ್ಲುಸಕ್ಕರೆ, ಮಸಾಲೆ ಮೂರೂ. ನೀರು ಹೊರುವ ಭಿಸ್ತಿಗಳಿಗೆ ಬರೀ ಮಸಾಲೆ. ಅಲ್ಲೂ ತಾರತಮ್ಯ ಬಿಡಲಿಲ್ಲ! ಹೊಸದಾಗಿ ಮಾಡಿದ ನಕಲಿಗಳೂ ಸಿಗುತ್ತವೆ, ಒಮ್ಮೆ ಗೊತ್ತಿದ್ದವರಿಗೆ ತೋರಿಸಿ.

ಸುಮ್ನೆ ಓದುಗ:
ತಂಬಾಕು ಮುಗಿದ ಮೇಲೂ ಇದನ್ನು ಬಿಸಾಡುತ್ತಿರಲಿಲ್ಲ. ಕಂದಕದ ಕೆಸರು, ಮಳೆಯಲ್ಲಿ ಕಾಗದ ಒದ್ದೆಯಾಗದೆ ಉಳಿಯಬೇಕಲ್ಲ, ಹಾಗಾಗಿ ಮನೆಯ ಪತ್ರ, ಫೋಟೊ, ಪೆನ್ಸಿಲು ಎಲ್ಲ ಇದರಲ್ಲೇ. ಸೂಜಿ, ದಾರ, ಗುಂಡಿಗಳಿಗೆ ಬೇರೆ ಬಟ್ಟೆ ಚೀಲ ಇತ್ತು. ಬ್ರಿಟಿಷ್ ಸೇನೆಯಲ್ಲಿ ಅದರ ಹೆಸರು 'ಹೌಸ್‌ವೈಫ್', ಸುಳ್ಳಲ್ಲ! ಕೈಗಡಿಯಾರವೂ ಗಂಡಸರಲ್ಲಿ ರೂಢಿಯಾದದ್ದು ಹೆಚ್ಚಾಗಿ ಈ ಯುದ್ಧದಿಂದಲೇ. ಅದಕ್ಕೂ ಮೊದಲು ಅದು ಹೆಂಗಸರ ಒಡವೆ ಅಂತ ನಗುತ್ತಿದ್ದರು, ಆದರೆ ಕೈಯಲ್ಲಿ ಬಂದೂಕು ಹಿಡಿದವನು ಜೇಬಿನ ಗಡಿಯಾರ ತೆಗೆದು ನೋಡುವುದು ಹೇಗೆ? ರೇಜರ್ ಕೂಡ ಬರೀ ಶೋಕಿಗಲ್ಲ. ಗಡ್ಡ ಇದ್ದರೆ ವಿಷಾನಿಲದ ಮುಖವಾಡ ಸರಿಯಾಗಿ ಕೂರುತ್ತಿರಲಿಲ್ಲ.

ಮಲ್ನಾಡ್ ಕೂಸು:
ಅತ್ತೆಗೆ ಎಲ್ಲ ಓದಿ ಹೇಳಿದೆ, ಬಿದ್ದು ಬಿದ್ದು ನಕ್ಕರು. ಅವರು ಅದರಲ್ಲಿ ಇಟ್ಟಿರುವುದೂ ಏಲಕ್ಕಿ, ಲವಂಗವೇ. ಯಾರಿಗಾದರೂ ತೋರಿಸೋಣ ಖಾಲಿ ಮಾಡಿಕೊಡಿ ಅಂದರೆ ಮಾತ್ರ ಕೊಡ್ತಿಲ್ಲ.